ಎಮ್ಮೆ ಸತ್ತ ಕರೆಂಟು, ಎರಡು ಕೊಂಬಿನ ಎಂಜಿನ್ನು

ನನ್ನ ಗಂಡ ಅಲ್ಲಾಡದೆ ಕೂರುವವರ ಫೋಟೋ ತೆಗೆಯುತ್ತಿದ್ದರು. ಅದೇ ಅವರ ಕಸುಬು. ಶ್ರೀರಂಗಪಟ್ಟಣದ ರೈಲ್ವೆ ಸ್ಟೇಷನ್ನಿನ ಹಿಂದೆ ನಮ್ಮ ಮನೆ, ಮುಂದಿನ ಕೋಣೆಯೇ ಸ್ಟುಡಿಯೋ. ಮರದ ಕ್ಯಾಮೆರಾ, ಮೂರು ಕಾಲು, ಮೇಲೆ ಹೊದೆಯಲು ಕರೀ ಬಟ್ಟೆ. ಒತ್ತುವ ಗುಂಡಿ ಗಿಂಡಿ ಏನೂ ಇಲ್ಲ. ಮೂತಿಗೊಂದು ಮುಚ್ಚಳ. ಮುಚ್ಚಳ ತೆಗೆದು, ಒಂದು ಎರಡು ಮೂರು ಎಣಿಸಿ, ಮತ್ತೆ ಮುಚ್ಚಬೇಕು. ಅಷ್ಟು ಹೊತ್ತು ಎದುರಿಗಿರುವವರು ಉಸಿರು ಹಿಡಿದು ಕೂರಬೇಕು. ಹೊಸದಾಗಿ ಮದುವೆಯಾದವರು ಕೂರುತ್ತಿದ್ದರು, ಸಂಗಮಕ್ಕೆ ಬೂದಿ ಬಿಡಲು ಬಂದವರು ಕೂರುತ್ತಿದ್ದರು. ಒಂದೆರಡು ಸಲ ಹೆಣ ಕೂರಿಸಿ ತೆಗೆದದ್ದೂ ಉಂಟು. ಹೆಣ ಬಹಳ ಚೆನ್ನಾಗಿ ಬರುತ್ತಿತ್ತು.

ಇಂಥ ಮನುಷ್ಯನಿಗೆ ರೈಲಿನ ಫೋಟೋ ತೆಗೆಯುವ ಚಟ ಹತ್ತಿತು. ಹೆಂಡದ ಚಟವಾಗಿದ್ದರೆ ನಾಲ್ಕು ಜನ ಬುದ್ಧಿ ಹೇಳುತ್ತಿದ್ದರು. ರೈಲಿನ ಚಟಕ್ಕೆ ಯಾರಿಗೂ ಏನು ಹೇಳಬೇಕೆಂದು ಗೊತ್ತಾಗಲಿಲ್ಲ.

ಮೊದಲನೆಯ ಫೋಟೋ ನೋಡಿದಾಗ ಯಾರೋ ಒದ್ದೆ ಸೀರೆ ಒಣಹಾಕಿದ್ದಾರೆ ಅಂದುಕೊಂಡೆ. ಬೆಂಗಳೂರು ಎಕ್ಸ್‌ಪ್ರೆಸ್ಸು ಅಂದರು. ರೈಲು ಅಲ್ಲಾಡಿಬಿಟ್ಟಿತು, ಅದಕ್ಕೇ ಹಾಗೆ ಬಂದಿದೆ ಎಂದು ರೈಲಿನ ಮೇಲೇ ತಪ್ಪು ಹೊರಿಸಿದರು. ಸ್ಟೇಷನ್ನಿನಲ್ಲಿ ನಿಲ್ಲುವ ಗಾಡಿಯದು ತೆಗೆಯಬಹುದಲ್ಲ ಎಂದೆ. ನಿಂತುಕೊಂಡರೆ ಅದು ಎಕ್ಸ್‌ಪ್ರೆಸ್ಸಲ್ಲ, ಬರೀ ಡಬ್ಬ ಎಂದರು. ಅಲ್ಲಿಂದ ಹದಿನೈದು ವರ್ಷ ಅದೇ ಆಯಿತು. ಉತ್ತರದ ಕಡೆ ಕಾವೇರಿ ಸೇತುವೆಯ ಕೆಳಗೆ ಮರಳಿನಲ್ಲಿ ಮೂರು ಕಾಲು ಊರಿ, ಬಟ್ಟೆ ಹೊದ್ದು ಕಾಯುವುದು. ರೈಲಿನಲ್ಲಿ ಹೋಗುವವರಿಗೆ ಕಾವೇರಿ ಕಂಡರೆ ಕೈ ಮುಗಿದು ಕಾಸು ಎಸೆಯುವ ಪದ್ಧತಿ. ಆ ಕಾಸು ಇವರ ಬೆನ್ನಿಗೆ ಬೀಳುತ್ತಿತ್ತು. ಯುದ್ಧದ ಕಾಲದಲ್ಲಿ ಒಬ್ಬ ಪೊಲೀಸು ಸೇತುವೆಯ ಫೋಟೋ ಯಾಕೆ ತೆಗೀತೀಯ ಎಂದು ಹಿಡಿದುಕೊಂಡು ಮನೆಗೇ ಬಂದ. ಇದ್ದಬದ್ದ ಫೋಟೋಗಳನ್ನೆಲ್ಲ ಚಾಪೆಯ ಮೇಲೆ ಹರಡಿಸಿ ನೋಡಿದ. ಇದರಲ್ಲಿ ಸೇತುವೆ ಎಲ್ಲಿದೆ ಅಂತ ಶತ್ರುವಿಗೇ ಗೊತ್ತಾಗೋದಿಲ್ಲ ಎಂದು ಹೇಳಿ, ಕಾಫಿ ಕುಡಿದು ಹೋದ.

ಇವರು ಮರಳಿನಲ್ಲಿದ್ದಾಗ ಸ್ಟುಡಿಯೋಗೆ ಬಂದವರನ್ನು ನಾನೇ ಕೂರಿಸಿ ಮುಚ್ಚಳ ತೆಗೆಯುತ್ತಿದ್ದೆ. ನನಗೆ ಓದಲು ಅಷ್ಟಾಗಿ ಬರುವುದಿಲ್ಲ, ಮೂರರ ತನಕ ಎಣಿಸಲು ಬರುತ್ತದೆ. ನಾನು ತೆಗೆದ ಫೋಟೋ ಚೆನ್ನಾಗಿಯೇ ಬರುತ್ತಿದ್ದವು. ನಗಿ ಎಂದು ನಾನು ಯಾರಿಗೂ ಹೇಳುತ್ತಿರಲಿಲ್ಲ.

ಇದು ಗಂಡನ ಸಮಾಚಾರ. ಇನ್ನು ಮೈದುನನದು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಮೈದುನನಿಗೆ ಎಂಟು ವರ್ಷ. ಅತ್ತೆ ಬೇಗ ಹೋದದ್ದರಿಂದ ಅವನ ಬಟ್ಟೆ ಒಗೆಯುವ ಕೆಲಸ ನನ್ನ ತಲೆಗೇ ಬಂತು. ದೊಡ್ಡವನಾಗಿ ಬೊಂಬಾಯಿಗೆ ಹೋಗಿ ರೈಲ್ವೆ ಸೇರಿದ. ಮೊದಲು ಎಂಜಿನ್ನು ಒರೆಸುತ್ತಿದ್ದ. ಆಮೇಲೆ ಕರೆಂಟಿನ ಎಂಜಿನ್ನಿನಲ್ಲಿ ಡ್ರೈವರ ಪಕ್ಕ ಕೂರುವ ಅಸಿಸ್ಟೆಂಟ್ ಆದ. ವಯಸ್ಸು ಮೂವತ್ತಮೂರು ಆದರೂ ಮದುವೆ ಆಗಿರಲಿಲ್ಲ. ವರ್ಷಕ್ಕೊಮ್ಮೆ ರಜದ ಮೇಲೆ ಬಂದಾಗ ಒಂದು ಟ್ರಂಕು ತುಂಬ ಕೊಳೆ ಬಟ್ಟೆ ತರುತ್ತಿದ್ದ. ಬೊಂಬಾಯಿಯಲ್ಲಿ ನೀರಿಲ್ಲವಂತೆ. ಅವನಿಗೆ ಮದುವೆಯಾಗಲಿ ಎಂದು ನಾನು ಹರಕೆ ಹೊತ್ತಿದ್ದು ಅವನ ಮೇಲಿನ ಪ್ರೀತಿಗೆ ಎಂದು ಊರವರು ತಿಳಿದುಕೊಂಡಿದ್ದರು. ತಿಳಿದುಕೊಳ್ಳಲಿ.

ನಾನು ಈಗ ಹೇಳುತ್ತಿರುವುದು ಎಮರ್ಜೆನ್ಸಿ ಮುಗಿದ ಹೊಸತರಲ್ಲಿ ಅವನು ಬಂದ ಸಲದ್ದು. ಆ ಸಲ ಟ್ರಂಕಿನ ಜೊತೆಗೆ ಒಂದು ಮಾತನ್ನೂ ಹೊತ್ತು ತಂದಿದ್ದ. ಅವನನ್ನು ಹೊಸ ಎಂಜಿನ್ನಿಗೆ ಹಾಕಿದ್ದರು. ಅದು ಎರಡು ಕರೆಂಟಿನಲ್ಲಿ ಓಡುವ ಎಂಜಿನ್ನು. ನಾನು ಸಂಜೆ ಒಲೆಯ ಮುಂದೆ ಕೂತರೆ ಅವನು ಬಾಗಿಲಿಗೆ ಒರಗಿ ಶುರು ಮಾಡುತ್ತಿದ್ದ. ಹನ್ನೊಂದು ಸಂಜೆ ಹೇಳಿದ. ನಾನು ಕೇಳಬೇಕೆಂದು ಕೇಳಲಿಲ್ಲ. ಎದ್ದು ಹೋಗೋಣವೆಂದರೆ ಮುದ್ದೆ ತಳ ಹಿಡಿಯುತ್ತದೆ.

ಅವನು ಹೇಳಿದ್ದು ಇಷ್ಟು. ಬೊಂಬಾಯಿಯ ಸುತ್ತ ಹಳಿಯ ಮೇಲೆ ಎಳೆದಿರುವ ತಂತಿ ಇಂಗ್ಲಿಷರ ಕಾಲದ್ದು. ಅದರಲ್ಲಿ ಸಾವಿರದೈನೂರು ವೋಲ್ಟು. ಕರೆಂಟು ಒಂದೇ ಕಡೆಗೆ ಹರಿಯುತ್ತದೆ, ಅದಕ್ಕೆ ಡಿ.ಸಿ. ಎಂದು ಹೆಸರು. ಊರು ದಾಟಿದ ಮೇಲೆ ಹೊಸ ತಂತಿ. ಅದರಲ್ಲಿ ಇಪ್ಪತ್ತೈದು ಸಾವಿರ. ಅದು ಹಿಂದಕ್ಕೂ ಮುಂದಕ್ಕೂ ತುಯ್ದಾಡುವ ಕರೆಂಟು, ಎ.ಸಿ. ಮೊದಲು ಅಲ್ಲಿಗೆ ಬಂದಾಗ ಒಂದು ಎಂಜಿನ್ನು ಬಿಚ್ಚಿ ಇನ್ನೊಂದು ಕಟ್ಟುತ್ತಿದ್ದರಂತೆ. ಈಗ ಒಂದೇ ಎಂಜಿನ್ನು ಎರಡರಲ್ಲೂ ಓಡುತ್ತದೆ. ಅದರ ನೆತ್ತಿಯ ಮೇಲೆ ಮಡಚುವ ಎರಡು ಕಬ್ಬಿಣದ ಕೊಂಬು. ಒಂದು ಹಳೇ ತಂತಿಗೆ ಮುಟ್ಟಲು, ಇನ್ನೊಂದು ಹೊಸ ತಂತಿಗೆ. ಚಕ್ರ ತಿರುಗಿಸುವ ಮೋಟರಿಗೆ ಮಾತ್ರ ಒಂದೇ ಕಡೆಗೆ ಹರಿಯುವ ಕರೆಂಟೇ ಬೇಕು. ಹಳೇ ತಂತಿಯ ಕೆಳಗೆ ತೊಂದರೆಯಿಲ್ಲ, ಅದನ್ನು ಹಿಡಿಹಿಡಿದು ಮೋಟರಿಗೆ ಬಿಡುತ್ತಾರೆ. ಹೊಸ ತಂತಿಯ ಕೆಳಗೆ, ಎಂಜಿನ್ನಿನ ಹೊಟ್ಟೆಯಲ್ಲಿರುವ ಟ್ರಾನ್ಸ್‌ಫಾರ್ಮರು ಇಪ್ಪತ್ತೈದು ಸಾವಿರವನ್ನು ಇಳಿಸುತ್ತದೆ. ಆಮೇಲೆ ಇನ್ನೊಂದು ಪೆಟ್ಟಿಗೆ ಆ ತುಯ್ದಾಟ ಬಿಡಿಸಿ ಒಂದೇ ಕಡೆಗೆ ಕಳಿಸುತ್ತದೆ. ಎರಡು ತಂತಿಗಳ ನಡುವೆ ಒಂದಿಷ್ಟು ದೂರ ಕರೆಂಟೇ ಇಲ್ಲದ ಜಾಗ. ಅದು ಬರುವ ಮುಂಚೆ ಡ್ರೈವರು ಎಲ್ಲ ಆರಿಸಿ, ಎತ್ತಿದ ಕೊಂಬು ಇಳಿಸಿ, ಒಳಗಿನ ಸ್ವಿಚ್ಚು ತಿರುವಿ, ಆ ಕಡೆ ಹೋದ ಮೇಲೆ ಇನ್ನೊಂದು ಕೊಂಬು ಎತ್ತಬೇಕು. ಎರಡೂ ಕೊಂಬು ಒಟ್ಟಿಗೆ ಎತ್ತಬಾರದು. ಎತ್ತಿದರೆ ಸುಟ್ಟುಹೋಗುತ್ತದೆ.

ಇದನ್ನೇ ಅವನು ಹೆಣ್ಣು ನೋಡಲು ಹೋದ ಕಡೆಯೆಲ್ಲ ಹೇಳುತ್ತಿದ್ದ. ನಾಗಮಂಗಲದ ಕಡೆ ಒಂದು, ಬೆಳಗೊಳದ ಕಡೆ ಇನ್ನೊಂದು, ಹೀಗೆ ಮೂರು ಕಡೆಯಿಂದ ಬೇಡ ಎಂದು ಬಂತು. ಬೆಳಗೊಳದ ಹುಡುಗಿಯಂತೂ, ಆ ಯಪ್ಪನ ಮೈಯಲ್ಲಿ ಮಿಕ್ಕಿದ ಕರೆಂಟು ಇರುತ್ತದೆ, ಕೈ ಹಿಡಿದರೆ ಹೊಡೆಯುತ್ತದೆ ಎಂದಳಂತೆ.

ನಾಲ್ಕನೆಯದು ಬೂಕನಕೆರೆಯದು. ಆಷಾಢ ಹುಟ್ಟಲು ಇನ್ನು ಒಂಬತ್ತು ದಿನ. ಆಷಾಢದಲ್ಲಿ ಯಾರೂ ಮದುವೆ ಮಾತಾಡುವುದಿಲ್ಲ, ಆಷಾಢ ಕಳೆಯುವುದರೊಳಗೆ ಅವನ ರಜ ಮುಗಿಯುತ್ತದೆ. ಇದು ತಪ್ಪಿದರೆ ಇನ್ನೊಂದು ವರ್ಷ. ಇನ್ನೊಂದು ವರ್ಷವೆಂದರೆ ಮೂವತ್ತನಾಲ್ಕು, ಆಮೇಲೆ ಯಾರು ಕೊಡುತ್ತಾರೆ? ಪಾಂಡವಪುರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಹಿಡಿದು ಹೋದೆವು. ಎಂಜಿನ್ನಿನ ಮಾತು ಎತ್ತಬೇಡ ಎಂದು ದಾರಿಯುದ್ದಕ್ಕೂ ಮೈದುನನಿಗೆ ಹೇಳಿದ್ದೆ.

ಹುಡುಗಿ ಗಟ್ಟಿಯಾಗಿದ್ದಳು. ಅಡುಗೆಮನೆಯಲ್ಲಿ ನನ್ನನ್ನು ಒಂದೇ ಮಾತು ಕೇಳಿದಳು, ಬೊಂಬಾಯಿಯಲ್ಲಿ ನೀರು ಕೊಳಾಯಿಯಲ್ಲಿ ಬರುತ್ತದೋ ಹೊರಬೇಕೋ ಎಂದು. ಬೆಳಿಗ್ಗೆ ಒಂದು ಗಂಟೆ ಹೊತ್ತು ಬರುತ್ತದೆ ಎಂದೆ. ಹಾಗಾದರೆ ಸರಿ ಎಂದಳು. ಅವಳ ಮಟ್ಟಿಗೆ ಮದುವೆ ಅಲ್ಲೇ ಮುಗಿಯಿತು.

ಅವಳ ಅಪ್ಪ ಬೇರೆ ಥರ. ಗದ್ದೆಗೆ ಹೊಸದಾಗಿ ಪಂಪ್‌ಸೆಟ್ ಹಾಕಿಸಿದ್ದರು. ಹೋದ ಮುಂಗಾರಿನಲ್ಲಿ ತಂತಿ ಹರಿದು ಬಿದ್ದು, ಹಾಲು ಕರೆಯುವ ಎಮ್ಮೆ ಸತ್ತುಹೋಗಿತ್ತು. ನಮಗೆ ಇದು ಗೊತ್ತಿರಲಿಲ್ಲ. ಏನು ಕೆಲಸ ಎಂದು ಅವರು ಕೇಳಿದರು. ಮೈದುನ ನನ್ನ ಮುಖ ನೋಡಿದ, ತಡೆಯಲಾಗದೆ ಹೇಳಿಯೇಬಿಟ್ಟ. ಕರೆಂಟು ಎಂದ ಕೂಡಲೇ ಅವರು ಕಾಫಿ ಲೋಟ ಕೆಳಗಿಟ್ಟರು.

"ಎಷ್ಟು ಓಲ್ಟು?" ಎಂದರು.

"ಒಂದು ಸಾವ್ರದೈನೂರು. ಇನ್ನೊಂದು ಇಪ್ಪತ್ತೈದು ಸಾವ್ರ."

"ನಾನೂರಕ್ಕೇ ನನ್ನೆಮ್ಮೆ ಓಯ್ತು. ನೀನು ಇಪ್ಪತ್ತೈದು ಸಾವ್ರದ ಕೆಳಗೆ ಕೂತ್ಕಂಡು ಬುತ್ತಿ ಉಣ್ತೀನಿ ಅಂತೀಯ."

"ಅದು ನಮ್ಗೆ ತಗ್ಲಕ್ಕಿಲ್ಲ ಮಾವ."

"ಈಗ್ಲೇ ಮಾವ ಅನ್ಬ್ಯಾಡ ಕಣಪ್ಪ. ಒಂದು ಕರೆಂಟು ಕ್ಯಾಮೆ ಮಾಡ್ವಾಗ ಇನ್ನೊಂದು ಎಲ್ಲೋಗಿರ್ತದೆ, ಅದೇಳು."

ಮೈದುನ, ಅದು ಎಲ್ಲೂ ಹೋಗಿರುವುದಿಲ್ಲ, ಆ ಜಾಗದಲ್ಲಿ ಇರುವುದೇ ಇಲ್ಲ ಎಂದ. ಸತ್ಯವೇ. ಆದರೆ ಅವರಿಗೆ ಅದೇ ಹಿಡಿಸಲಿಲ್ಲ. ಎಮ್ಮೆ ಸತ್ತ ದಿನ ಲೈನ್‌ಮ್ಯಾನು ಬಂದು, ಈ ತಂತಿಯಲ್ಲಿ ಕರೆಂಟೇ ಇಲ್ಲ ಎಂದೇ ಹೇಳಿದ್ದನಂತೆ. ಎಮ್ಮೆ ಕಾಲು ಚಾಚಿ ಬಿದ್ದಿರುವಾಗ ಅವನು ಹೇಳಿದ ಮಾತು ಅದು. ಹಾಗಾಗಿ ಇಲ್ಲ ಎಂದವರನ್ನು ಅವರು ನಂಬುವ ಹಾಗಿರಲಿಲ್ಲ. ಕೊನೆಗೆ, ಹುಡುಗ ಒಳ್ಳೆಯವನ ಹಾಗೆ ಕಾಣುತ್ತಾನೆ, ಮುಂದಿನ ಸೋಮವಾರ ಮನೆ ನೋಡಲು ಬರುತ್ತೇವೆ, ಆ ಎಂಜಿನ್ನಿನ ಒಂದು ಫೋಟೋ ತೋರಿಸಿ, ಕರೆಂಟು ಎಲ್ಲಿ ಕೂರುತ್ತದೆ ಇವನೆಲ್ಲಿ ಕೂರುತ್ತಾನೆ ನಾನು ಕಣ್ಣಿಂದ ನೋಡಬೇಕು ಎಂದರು.

ಅಂಥ ಎಂಜಿನ್ನಿನ ಫೋಟೋ ಯಾರ ಹತ್ತಿರ ಇದೆ? ಶೆಡ್ಡಿನಲ್ಲಿ ಫೋಟೋ ತೆಗೆಯಲು ಬಿಡುವುದಿಲ್ಲ ಎಂದು ಮೈದುನ ಹೇಳಿದ. ನಮ್ಮ ಕಡೆ ಓಡುವುದೆಲ್ಲ ಕಲ್ಲಿದ್ದಲು ತಿಂದು ಹೊಗೆ ಬಿಡುವ ಎಂಜಿನ್ನು. ನಾನು, ಮುಗಿಯಿತು ಬಿಡು, ಇವನ ಬಟ್ಟೆ ನನಗೇ ಗಂಟು ಎಂದುಕೊಂಡೆ. ನನ್ನ ಗಂಡ ಮಾತ್ರ ಬಸ್ಸಿನಲ್ಲಿ ತಮ್ಮ ಪಾಡಿಗೆ ತಾವು ನಗುತ್ತ ಕೂತಿದ್ದರು. ಹದಿನೈದು ವರ್ಷದಲ್ಲಿ ಮೊದಲ ಸಲ ಅವರನ್ನು ಒಬ್ಬರು ರೈಲಿನ ಫೋಟೋ ಕೇಳಿದ್ದರು.

ಅವರ ಫೋಟೋಗಳಲ್ಲಿ ರೈಲು ಎಂದು ಗುರುತು ಸಿಗುವಂಥದ್ದು ಒಂದಿತ್ತು. ಯಾವಾಗಲೋ ಸಿಗ್ನಲ್ಲಿಗೆ ನಿಂತುಬಿಟ್ಟಿದ್ದ ಎಕ್ಸ್‌ಪ್ರೆಸ್ಸು. ನಿಂತದ್ದಕ್ಕೆ ಅದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅದನ್ನು ದೊಡ್ಡದಾಗಿ ಪ್ರಿಂಟು ಹಾಕಿ, ಮದುಮಕ್ಕಳ ಮುಖದ ಸಿಡುಬಿನ ಕಲೆ ಮುಚ್ಚುವ ಬಿಳಿ ಬಣ್ಣದಿಂದ ಹೊಗೆ ಅಳಿಸಿದರು. ಚಿಮಣಿ ಅಳಿಸಿದರು. ಕರೀ ಇಂಕಿನಿಂದ ನೆತ್ತಿಯ ಮೇಲೆ ಎರಡು ಕೊಂಬು ಬರೆದು, ಮೇಲೊಂದು ತಂತಿ ಎಳೆದರು. ಎರಡು ದಿನ ಊಟಕ್ಕೂ ಸರಿಯಾಗಿ ಬರಲಿಲ್ಲ. ಮೈದುನ ನೋಡಿ ತಲೆಯ ಮೇಲೆ ಕೈ ಹೊತ್ತ. ನಮ್ಮ ಎಂಜಿನ್ನು ಬಸ್ಸಿನ ಹಾಗಿರುತ್ತದೆ, ಇದು ಕೊಡ ಮಲಗಿಸಿದ ಹಾಗಿದೆ ಎಂದ. ಅದಕ್ಕಿಂತ ಹೆಚ್ಚಾಗಿ, ಎರಡೂ ಕೊಂಬು ಎತ್ತಿಬಿಟ್ಟಿದ್ದೀಯಲ್ಲಣ್ಣ, ಇದು ಸುಟ್ಟುಹೋಗುತ್ತದೆ ಎಂದು ಅಳುವುದೊಂದು ಬಾಕಿ. ಒಂದು ಮೇಲೆ ಒಂದು ಕೆಳಗೆ ಇದ್ದರೆ ಫೋಟೋ ಸೊಟ್ಟಗೆ ಕಾಣುತ್ತದೆ ಎಂದು ನನ್ನ ಗಂಡ ಒಪ್ಪಲಿಲ್ಲ.

ಸೋಮವಾರ ಬೆಳಿಗ್ಗೆ ಹುಡುಗಿಯ ಅಪ್ಪ, ಅವರ ತಾಯಿ, ಇಬ್ಬರೇ ಬಂದರು. ಆ ಮುದುಕಿಗೆ ಹಲ್ಲಿರಲಿಲ್ಲ, ಕಣ್ಣು ಚುರುಕು. ನಾನು ಒಬ್ಬಟ್ಟು ಮಾಡಿದ್ದೆ. ಮಾತು ಒಪ್ಪಿಗೆಯಾಗುವ ತನಕ ಹೆಣ್ಣಿನ ಕಡೆಯವರು ಗಂಡಿನ ಮನೆಯಲ್ಲಿ ಎಲೆ ಹಾಕಿ ಉಣ್ಣುವುದಿಲ್ಲ. ಕಾಫಿ ಕುಡಿಯಬಹುದು, ಅಷ್ಟೇ. ಹಾಗಾಗಿ ಒಬ್ಬಟ್ಟು ಒಳಗೆ, ಅವರು ಹೊರಗೆ. ಮುದುಕಿ ಆಗಾಗ ಅಡುಗೆಮನೆಯ ಕಡೆ ಮೂಗು ತಿರುಗಿಸುತ್ತಿತ್ತು.

ನನ್ನ ಗಂಡ ಫೋಟೋ ತಂದು ಎರಡು ಕೈಯಿಂದ ಕೊಟ್ಟರು. ಹುಡುಗಿಯ ಅಪ್ಪ ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ದೂರ ಹಿಡಿದು ನೋಡಿದರು. ಬೆರಳಿಂದ ಸವರಿದರು. ಇಂಕು ಇನ್ನೂ ಸ್ವಲ್ಪ ಅಂಟುತ್ತಿತ್ತು.

"ಇದು ನಮ್ ಮೈಸೂರ್ ಗಾಡಿ," ಎಂದರು. "ಇಂದ್ಲ ಡಬ್ಬೀಲಿ ಮೂಟೆ ಇಟ್ಕಂಡು ನಾನೇ ಓಗಿವ್ನಿ. ಅದರ ಮ್ಯಾಲೆ ಕೊಡೆ ಕಡ್ಡಿ ಬರ್ದು ನನ್ ಕೈಗೆ ಕೊಟ್ಟಿದ್ದೀರಿ."

ನನ್ನ ಗಂಡ ಅಲ್ಲಾಡದೆ ಕೂತರು. ಆ ಹೊತ್ತಿನಲ್ಲಿ ಅವರ ಫೋಟೋ ತೆಗೆದಿದ್ದರೆ ಬಹಳ ಚೆನ್ನಾಗಿ ಬರುತ್ತಿತ್ತು. ಹುಡುಗಿಯ ಅಪ್ಪ ಎದ್ದು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, ಎಂಜಿನ್ನೇ ಸುಳ್ಳಾದರೆ ಕೆಲಸವೂ ಸುಳ್ಳಿರಬಹುದು, ನಾವು ಹನ್ನೆರಡು ಗಂಟೆಯ ಬಸ್ಸಿಗೆ ಹೊರಡುತ್ತೇವೆ ಎಂದರು.

ನನಗೆ ಸಿಟ್ಟು ಬಂತು. ಒಬ್ಬಟ್ಟು ಮಾಡಲು ಬೆಳಗಿನ ಜಾವ ಎದ್ದಿದ್ದೆ. ಫೋಟೋ ಸುಳ್ಳೇ, ಅದನ್ನು ಬರೆದವರು ಹದಿನೈದು ವರ್ಷದಿಂದ ಹೀಗೇ, ಅವರ ಮಾತು ಬಿಡಿ ಎಂದೆ. ಆದರೆ ಎಂಜಿನ್ನು ನಿಜ. ಇಷ್ಟು ಪೆದ್ದು ಸುಳ್ಳು ಹೇಳುವ ಮನೆಯವರಿಗೆ ಅಂಥ ಎಂಜಿನ್ನು ಕಟ್ಟಿ ಹೇಳಲು ಬರುತ್ತದೆಯೇ, ನೀವೇ ಯೋಚನೆ ಮಾಡಿ ಎಂದೆ. ಅವರು ಯೋಚನೆ ಮಾಡಿದ ಹಾಗೆ ಕಂಡಿತು. ಬಿಸಿಲಿದೆ, ನೀರಾದರೂ ಕುಡಿದು ಹೋಗಿ ಎಂದೆ.

ನಮ್ಮ ಬೀದಿಯಲ್ಲಿ ಹೊಸದಾಗಿ ಕೈಪಂಪು ಹಾಕಿದ್ದರು. ಒಬ್ಬರು ಹಿಡಿ ಹೊಡೆಯಬೇಕು, ಇನ್ನೊಬ್ಬರು ಬೊಗಸೆ ಒಡ್ಡಬೇಕು. ನಾನು ಹೊಡೆದೆ, ಅವರು ಬೊಗಸೆ ಒಡ್ಡಿದರು. ಹೊಡೆಯುತ್ತಾ ಹೊಡೆಯುತ್ತಾ ಹನ್ನೊಂದು ಸಂಜೆ ಕಿವಿಗೆ ಬಿದ್ದದ್ದು ತಾನಾಗಿ ಬಾಯಿಗೆ ಬಂತು.

"ನನ್ ಕೈ ನೋಡಿ," ಎಂದೆ. "ಮ್ಯಾಕೋಯ್ತದೆ, ಕೆಳೀಕ್ ಬತ್ತದೆ. ನೀರು ಇಂದಕ್ಕೋಯ್ತಾ?"

"ಇಲ್ಲ. ಮುಂದಕ್ಕೇ ಬತ್ತಾದೆ."

"ಒಳಗೊಂದು ಚರ್ಮದ ಬಿಲ್ಲೆ ಅದೆ, ಇಂದಕ್ಕೆ ಬುಡಾಕಿಲ್ಲ. ಅವನ ಎಂಜಿನ್ನೊಳಗೂ ಅಂಗೇ ಒಂದು ಪೆಟ್ಗೆ ಅದೆ. ಕರೆಂಟು ಮ್ಯಾಕೆ ಕೆಳೀಕೆ ಏನಾರ ಕುಣೀಲಿ, ಮೋಟ್ರಿಗೆ ಬರೋದು ಮುಂದಕ್ಕೇ."

ಅವರು ಬೊಗಸೆಯ ನೀರನ್ನು ಕುಡಿಯುವುದು ಮರೆತರು. ಇಪ್ಪತ್ತೈದು ಸಾವಿರ ಎಲ್ಲಿಗೆ ಹೋಗುತ್ತದೆ ಎಂದರು. ಕನ್ನಂಬಾಡಿ ಕಟ್ಟೆಯ ನೀರೆಲ್ಲ ನಿಮ್ಮ ನೆಂಟರ ಗದ್ದೆಗೆ ಒಂದೇ ಸಲ ನುಗ್ಗಿದರೆ ಗದ್ದೆ ಉಳಿಯುತ್ತದೆಯೇ, ತೂಬು ಇದೆ, ಕಾಲುವೆ ಇದೆ, ಕೊನೆಗೆ ಗುದ್ದಲಿಯಲ್ಲಿ ತಿರುಗಿಸುವಷ್ಟು ಬರುತ್ತದೆ, ಹಾಗೇ ಇಳಿಸಿ ಬಿಡುತ್ತಾರೆ ಎಂದೆ. ಇನ್ನೊಂದು ಕರೆಂಟು? ಅದು ಕಾಲುವೆ ನೀರಿನ ಹಾಗೆ ಒಂದೇ ಕಡೆಗೆ ಹರಿಯುವಂಥದ್ದು, ಅದಕ್ಕೆ ಈ ಪಂಪೂ ಬೇಡ ತೂಬೂ ಬೇಡ, ನೇರವಾಗಿ ಮೋಟರಿಗೆ ಹೋಗುತ್ತದೆ. ಎರಡೂ ಒಂದೇ ತಂತಿಯಲ್ಲಿಲ್ಲ, ಆ ಊರಿನ ತನಕ ಅದು, ಆಮೇಲೆ ಇದು, ಮಧ್ಯೆ ಖಾಲಿ, ಅದಕ್ಕೇ ಎರಡು ಕೊಂಬೂ ಒಟ್ಟಿಗೆ ಎತ್ತುವುದಿಲ್ಲ, ಎತ್ತಿದರೆ ಸುಟ್ಟುಹೋಗುತ್ತದೆ ಎಂದೆ.

ಮೈದುನ ಜಗುಲಿಯ ಮೇಲೆ ಬಾಯಿ ತೆರೆದುಕೊಂಡು ನಿಂತಿದ್ದ. ಅತ್ತಿಗೆ ಕೇಳಿಸಿಕೊಂಡಿದ್ದಳೇ ಎಂದು ಅವನಿಗೆ ಆಶ್ಚರ್ಯ.

ಹುಡುಗಿಯ ಅಪ್ಪ ಈಗ ಖಾಲಿ ಜಾಗಕ್ಕೆ ಗಂಟುಬಿದ್ದರು. ಕರೆಂಟಿಲ್ಲದ ಕಡೆ ಗಾಡಿ ನಿಂತುಹೋಗುತ್ತದೆ. ನಿಂತರೆ ಹಿಂದೆ ಬರುವ ಗಾಡಿ ಬಂದು ಗುದ್ದುತ್ತದೆ. ಎಮ್ಮೆ ಒಂದೇ ಏಟಿಗೆ ಹೋಯಿತು, ಇವನಿಗೆ ಸಾಯಲು ಎರಡು ದಾರಿ ಎಂದರು. ನಾನು, ನಿಲ್ಲುವುದಿಲ್ಲ, ಬಂದ ರಭಸಕ್ಕೆ ದಾಟಿಕೊಳ್ಳುತ್ತದೆ ಎಂದೆ. ನಂಬಲಿಲ್ಲ. ಆಗ ಸೇತುವೆಯ ಕಡೆಯಿಂದ ಪ್ಯಾಸೆಂಜರು ಗಾಡಿ ಬರುವ ಸದ್ದಾಯಿತು. ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದೆ. ನಮ್ಮ ಕಡೆಯ ಡ್ರೈವರುಗಳು ಸೇತುವೆಯ ಮೇಲೆ ಬರುತ್ತಲೇ ಆವಿ ಮುಚ್ಚಿಬಿಡುತ್ತಾರೆ. ಬುಸುಬುಸು ನಿಲ್ಲುತ್ತದೆ, ಆದರೂ ಗಾಡಿ ಬರುತ್ತಲೇ ಇರುತ್ತದೆ. ನಾನು ಎಷ್ಟು ವರ್ಷದಿಂದ ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಾ ನೋಡಿದ್ದೇನೆ.

"ನೋಡಿ, ಈಗ ಯಾರೂ ಎಳೀತಾ ಇಲ್ಲ," ಎಂದೆ.

ಅವರು ನೋಡಿದರು. ಗಾಡಿ ಬಂತು. ಸ್ಟೇಷನ್ನಿನಲ್ಲಿ ನಿಂತಿತು.

"ನೋಡ್ದಾ ತಾಯಿ," ಎಂದರು ನನ್ನ ಕಡೆ ತಿರುಗಿ. "ನಿಂತೋಯ್ತು."

ಅದು ಬ್ರೇಕು ಹಾಕಿದ್ದು ಎಂದರೆ ಕೇಳಲಿಲ್ಲ. ಅವರು ಕಣ್ಣಿಂದ ನೋಡುವ ಮನುಷ್ಯ, ಕಣ್ಣಿಗೆ ನಿಂತದ್ದು ಕಂಡಿತ್ತು. ನಿಲ್ಲದೆ ಹೋಗುವ ಗಾಡಿ ಯಾವುದು ಎಂದು ಕೇಳಿದರು. ಸಂಜೆಯ ಎಕ್ಸ್‌ಪ್ರೆಸ್ಸು ಎಂದು ನನ್ನ ಗಂಡ ಹೇಳಿದರು. ಅಷ್ಟು ಹೊತ್ತಿಗೆ ಅವರಿಗೆ ಜೀವ ಬಂದಿತ್ತು. ಹುಡುಗಿಯ ಅಪ್ಪ, ಹಾಗಾದರೆ ಅದನ್ನು ನೋಡಿಯೇ ಹೋಗೋಣ ಎಂದು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತರು. ಹನ್ನೆರಡರ ಬಸ್ಸು ಹೋಯಿತು. ಎರಡರ ಬಸ್ಸೂ ಹೋಯಿತು. ಉಣ್ಣುವಂತಿಲ್ಲ, ಹೋಗುವಂತಿಲ್ಲ. ನಾವೂ ಉಣ್ಣುವಂತಿಲ್ಲ, ಬಂದವರನ್ನು ಬಿಟ್ಟು ಹೇಗೆ ಉಣ್ಣುವುದು? ಆರು ಸಲ ಕಾಫಿ ಮಾಡಿದೆ. ಮುದುಕಿ ಒಬ್ಬಟ್ಟಿಗೆ ತುಪ್ಪ ಹಾಕಿದ್ದೀರಾ ಎಂದು ಕೇಳಿತು. ಹಾಕಿದ್ದೇನೆ ಎಂದೆ. ಮಗನ ಬೆನ್ನನ್ನು ಒಂದು ಥರ ನೋಡಿತು.

ಸಂಜೆಗೆ ಎಲ್ಲರೂ ಹಿತ್ತಲಿನಲ್ಲಿ ಸೇರಿದೆವು. ನನ್ನ ಗಂಡ ಕ್ಯಾಮೆರಾ ಊರಿ ಬಟ್ಟೆಯೊಳಗೆ ಹೊಕ್ಕಿದ್ದರು. ಎಕ್ಸ್‌ಪ್ರೆಸ್ಸು ಸೇತುವೆಗೆ ಬಂತು, ಕಾಸು ಎಸೆಯುವ ಕೈಗಳು ಕಿಟಕಿಯಿಂದ ಆಚೆ ಬಂದವು, ಆವಿ ನಿಂತಿತು. ಗಾಡಿ ಹಾಗೇ ಕೋಟೆಯ ಒಳಗೆ ಬಂತು. ಹೊಗೆಯಿಲ್ಲ, ಬುಸುಗುಟ್ಟುವುದಿಲ್ಲ, ಬರೀ ಚಕ್ರದ ಸದ್ದು. ಮುಂದೆ ಹೋಗಬಹುದು ಎಂಬ ಗುರುತಿಗೆ ಸ್ಟೇಷನ್ನಿನವರು ಎತ್ತಿ ಹಿಡಿದಿದ್ದ ಬಳೆಯಂಥದ್ದನ್ನು ಎಂಜಿನ್ನಿನವನು ಕೈಹಾಕಿ ಸಿಕ್ಕಿಸಿಕೊಂಡ, ನಿಲ್ಲದೆ ಹೊರಟ. ಹುಡುಗಿಯ ಅಪ್ಪ, ಈಗ ಖಾಲಿ, ಈಗ ಖಾಲಿ ಎಂದುಕೊಂಡು ಬೇಲಿಯ ಉದ್ದಕ್ಕೂ ಗಾಡಿಯ ಜೊತೆಗೇ ನಡೆದರು, ಆಮೇಲೆ ಓಡಿದರು, ಬದನೆ ಗಿಡ ತುಳಿದರು. ಆ ಕಡೆ ಕೋಟೆ ಗೋಡೆ ದಾಟಿದ ಮೇಲೆ ಬುಸ್ ಎಂದು ಹೊಗೆ ಎದ್ದಿತು. ಅವರು ಅಲ್ಲೇ ನಿಂತು ಹೊಗೆಯನ್ನು ನೋಡಿದರು.

ವಾಪಸು ಬಂದರು. ಬೆಳಿಗ್ಗೆಯ ಫೋಟೋ ಕೊಡಿ ಎಂದು ಕೈ ಚಾಚಿದರು. ಹರಿದು ಹಾಕುತ್ತಾರೆ ಎಂದುಕೊಂಡೆ. ಮೈದುನ ತಲೆ ತಗ್ಗಿಸಿದ. ಅವರು ಬಹಳ ಹೊತ್ತು ನೋಡಿ, ಬೆರಳಿಟ್ಟು ನನ್ನ ಗಂಡನ ಮುಂದೆ ಹಿಡಿದರು.

"ಇದ್ಯಾಕ್ರೀ ಎರಡು ಕೊಂಬೂ ಎತ್ತಿದ್ದೀರಿ? ಒಂದು ಅಳ್ಸಿ. ಇಂಗೇ ಬುಟ್ರೆ ಸುಟ್ಟೋಗಿ ನಮ್ ಉಡ್ಗಿ ಮುಂಡೆ ಆಯ್ತಾಳೆ."

ನಮಗೆ ಅರ್ಥವಾಗುವ ಮೊದಲೇ ಮುದುಕಿಗೆ ಆಯಿತು. ಕೂತಲ್ಲಿಂದಲೇ ಕೋಲಿನಲ್ಲಿ ಮಗನ ಕಾಲಿಗೆ ಒಂದು ಬಿಟ್ಟಿತು.

"ಬುಡ್ತು ಅನ್ಲಾ. ಉಡ್ಗೀನ ಕೊಡೋ ಒತ್ನಲ್ಲಿ ಅದೇನ್ಲಾ ಬಾಯಿ ನಿಂದು."

"ಬುಡ್ತು ಬುಡ್ತು," ಎಂದರು ಅವರು, ಕೆನ್ನೆ ಮುಟ್ಟಿಕೊಂಡು.

"ಎಲೆ ಆಕವ್ವ," ಎಂದಿತು ಮುದುಕಿ ನನಗೆ.

ಎಲೆ ಹಾಕಿದೆ. ಒಬ್ಬಟ್ಟು ರೊಟ್ಟಿಯ ಹಾಗೆ ಬಿರುಸಾಗಿತ್ತು. ಹಲ್ಲಿಲ್ಲದ ಮುದುಕಿ ಹಾಲಿನಲ್ಲಿ ನೆನೆಸಿಕೊಂಡು ಐದು ತಿಂದಿತು. ಆ ಹೊತ್ತಿನಲ್ಲೇ ನನ್ನ ಗಂಡ ಗಡ್ಡ ಹೆರೆಯುವ ಬ್ಲೇಡಿನಿಂದ ಹಿಂದಿನ ಕೊಂಬನ್ನು ಕೆರೆದರು. ಇಂಕಿನ ಜೊತೆ ಕಾಗದವೂ ಕಿತ್ತುಬಂದು ಎಂಜಿನ್ನಿನ ಮೇಲೆ ಒಂದು ಬಿಳೀ ಮಚ್ಚೆ ಉಳಿಯಿತು. ಹುಡುಗಿಯ ಅಪ್ಪ ಅದನ್ನು ಟವಲಿನಲ್ಲಿ ಸುತ್ತಿಕೊಂಡು ಹೋದರು. ಅವತ್ತು ಸಂಜೆ ತೆಗೆದ ಫೋಟೋದಲ್ಲಿ ರೈಲು ಎಂದಿನಂತೆ ಒದ್ದೆ ಸೀರೆ. ಅದರ ಮುಂದೆ ಓಡುತ್ತಿದ್ದ ಬೀಗರು ಇನ್ನೊಂದು ಒದ್ದೆ ಸೀರೆ. ಬದನೆ ಗಿಡ ಮಾತ್ರ ಸ್ಪಷ್ಟವಾಗಿ ಬಂದಿತ್ತು.

ಆಷಾಢಕ್ಕೆ ಎರಡು ದಿನ ಇರುವಾಗ ಮದುವೆಯಾಯಿತು. ಹುಡುಗಿ ಬೊಂಬಾಯಿಗೆ ಹೋದಳು. ಟ್ರಂಕು ಬರುವುದು ನಿಂತಿತು.

ಮಾರನೆಯ ವರ್ಷ ಆಯುಧಪೂಜೆಗೆ ಬೂಕನಕೆರೆಗೆ ಕರೆದಿದ್ದರು, ಹೋದೆ. ಕೊಟ್ಟಿಗೆಯಲ್ಲಿ ಹೊಸ ಎಮ್ಮೆ ಇತ್ತು. ಪಂಪ್‌ಸೆಟ್ ಮನೆಯ ಗೋಡೆಗೆ ಆ ಫೋಟೋವನ್ನು ಕಟ್ಟು ಹಾಕಿಸಿ ತೂಗುಹಾಕಿದ್ದರು. ನೇಗಿಲು, ಕುಡುಗೋಲು, ಮೋಟರಿನ ಜೊತೆ ಅದಕ್ಕೂ ಕುಂಕುಮ, ಸೇವಂತಿಗೆ. ಕಿಕ್ಕೇರಿಯಿಂದ ಬಂದಿದ್ದ ನೆಂಟರೊಬ್ಬರಿಗೆ ಬೀಗರು ವಿವರವಾಗಿ ಹೇಳುತ್ತಿದ್ದರು. ಇದು ನಮ್ಮ ಅಳಿಯ ಓಡಿಸುವ ಎಂಜಿನ್ನು, ಬೊಂಬಾಯಿಯದು, ಎರಡು ಕರೆಂಟಿನದು. ನೆಂಟರು ಹತ್ತಿರ ಹೋಗಿ ನೋಡಿ, ಒಂದು ಕರೆಂಟು ಕೆಲಸ ಮಾಡುವಾಗ ಇನ್ನೊಂದು ಎಲ್ಲಿಗೆ ಹೋಗಿರುತ್ತದೆ ಎಂದು ಕೇಳಿದರು.

ಬೀಗರು ಒಂದು ಕ್ಷಣ ನನ್ನ ಕಡೆ ನೋಡಿದರು. ನಾನು ಎಮ್ಮೆಯ ಕಡೆ ನೋಡಿದೆ. ಅವರು ಬ್ಲೇಡಿನಲ್ಲಿ ಕೆರೆದ ಬಿಳೀ ಮಚ್ಚೆಯ ಮೇಲೆ ಬೆರಳಿಟ್ಟರು.

"ಅಗೋ," ಎಂದರು. "ಅಲ್ಲಿ ಕೂತದೆ."